ಪತ್ರಾಸ್ ಗೋದಾಮಿನ ನೆತ್ತಿಗೆ ಟರ್ಬೊ ವೆಂಟಿಲೇಟರ್ ಕೂರಿಸುವ ಬಗೆ

ಏಪ್ರಿಲ್ ತಿಂಗಳ ಮಧ್ಯಾಹ್ನ ಮೂರು ಗಂಟೆಗೆ ನಮ್ಮ ಹೊಲದ ಪತ್ರಾಸ್, ಅಂದರೆ ತಗಡಿನ ಹಾಳೆ ಹೊದಿಸಿದ ಗೋದಾಮಿನ ಬಾಗಿಲು ತೆರೆದರೆ ಒಳಗಿನ ಕಾವು ಮುಖಕ್ಕೆ ರಾಚುತ್ತಿತ್ತು. ಬಿತ್ತನೆಗೆಂದು ತೆಗೆದಿಟ್ಟ ತೊಗರಿ ಚೀಲದೊಳಗೆ ಕೈ ಇಟ್ಟರೆ ಕಾಳು ಬೆಚ್ಚಗಿರುತ್ತಿತ್ತು. ಸುತ್ತಿಟ್ಟ ಡ್ರಿಪ್ ಪೈಪುಗಳು ಮೆತ್ತಗಾಗಿ ಒಂದಕ್ಕೊಂದು ಅಂಟುತ್ತಿದ್ದವು. ವಿಜಯಪುರ ಜಿಲ್ಲೆಯಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುವುದು ಹೊಸ ಸಂಗತಿಯಲ್ಲ, ಆದರೆ ಹೊರಗೆ 40 ಇದ್ದಾಗ ಪತ್ರಾಸಿನ ಮೈ 60 ಡಿಗ್ರಿಗೂ ಮೀರಿ ಕಾಯುತ್ತದೆ, ಮತ್ತು ಅದರ ಕೆಳಗೆ ಸಿಕ್ಕಿಕೊಂಡ ಗಾಳಿಗೆ ಹೊರಗೆ ಹೋಗಲು ದಾರಿಯೇ ಇರುವುದಿಲ್ಲ. ನಮ್ಮ ಹಿರಿಯರ ಮೇಲ್ಮುದ್ದೆ ಮನೆಗಳಲ್ಲಿ ದಪ್ಪ ಮಣ್ಣಿನ ಮಾಳಿಗೆ ಇತ್ತು, ಆ ಮಾಳಿಗೆಯಲ್ಲೊಂದು ಬೆಳಕಿಂಡಿಯೂ ಇತ್ತು. ಆ ಕಿಂಡಿ ಬೆಳಕನ್ನು ಒಳಗೆ ಬಿಡುವುದರ ಜೊತೆಗೆ ಅಡುಗೆಮನೆಯ ಹೊಗೆಯನ್ನೂ ಕಾವನ್ನೂ ಮೇಲಕ್ಕೆ ಕಳುಹಿಸುತ್ತಿತ್ತು. ಪತ್ರಾಸ್ ಬಂದಾಗ ನಾವು ಮಾಳಿಗೆಯ ದಪ್ಪವನ್ನೂ ಕಳೆದುಕೊಂಡೆವು, ಕಿಂಡಿಯನ್ನೂ ಕಳೆದುಕೊಂಡೆವು. ಟರ್ಬೊ ವೆಂಟಿಲೇಟರ್ ಎಂದರೆ ಆ ಕಿಂಡಿಯನ್ನು ಮಳೆ ನೀರು ಒಳಗೆ ಬಾರದ ಹಾಗೆ ಮರಳಿ ತರುವ ಉಪಾಯ.

ಈ ಬರಹದಲ್ಲಿ 30 ಅಡಿ ಉದ್ದ, 20 ಅಡಿ ಅಗಲದ, ಎರಡು ಕಡೆ ಇಳಿಜಾರಿರುವ ಸಾಮಾನ್ಯ ಹೊಲದ ಗೋದಾಮನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ನಿಮ್ಮ ಶೆಡ್ಡಿನ ಅಳತೆ ಬೇರೆಯಿದ್ದರೆ ಲೆಕ್ಕ ಬದಲಾಗುತ್ತದೆ, ಕೆಲಸದ ಕ್ರಮ ಬದಲಾಗುವುದಿಲ್ಲ.

ಇದು ಮಾಡುವ ಕೆಲಸ ಮತ್ತು ಮಾಡದ ಕೆಲಸ

ಹೊಳೆಯುವ ಬಾಗಿದ ಎಲೆಗಳ ದುಂಡನೆಯ ತಲೆ, ಅದರ ಕೆಳಗೆ ಕೊಳವೆಯಂಥ ಕುತ್ತಿಗೆ, ಅದಕ್ಕೂ ಕೆಳಗೆ ಪತ್ರಾಸಿಗೆ ಹೊಂದಿಕೊಳ್ಳುವ ತಳದ ಹಾಳೆ, ಇಷ್ಟೇ ಇದರ ಅಂಗಗಳು. ಕರೆಂಟ್ ಬೇಡ, ಮೋಟಾರ್ ಇಲ್ಲ. ಇದರ ಹಿಂದೆ ಎರಡು ಶಕ್ತಿಗಳು ಕೆಲಸ ಮಾಡುತ್ತವೆ. ಒಂದನೆಯದು ಹೊರಗಿನ ಗಾಳಿ: ಅದು ಎಲೆಗಳಿಗೆ ತಾಗಿ ತಲೆಯನ್ನು ತಿರುಗಿಸಿದಾಗ ಒಳಗಿನ ಗಾಳಿ ಮೇಲಕ್ಕೆ ಸೆಳೆಯಲ್ಪಡುತ್ತದೆ. ಎರಡನೆಯದು ಕಾವು: ಕಾದ ಗಾಳಿ ಹಗುರಾಗಿ ತಾನೇ ಮೇಲೇರುತ್ತದೆ, ನೆತ್ತಿಯಲ್ಲಿ ತೂತು ಸಿಕ್ಕರೆ ಹೊರಗೆ ಹೋಗುತ್ತದೆ. ಬೇಸಿಗೆಯ ಗಾಳಿಯಾಡದ ಮಧ್ಯಾಹ್ನಗಳಲ್ಲಿ ತಲೆ ನಿಧಾನವಾಗಿ ತಿರುಗಿದರೂ, ಅಥವಾ ನಿಂತೇ ಇದ್ದರೂ, ಈ ಎರಡನೆಯ ಶಕ್ತಿ ನಡೆದೇ ಇರುತ್ತದೆ. ಆದ್ದರಿಂದ ತಲೆ ಎಷ್ಟು ಜೋರಾಗಿ ತಿರುಗುತ್ತದೆ ಎಂಬುದನ್ನು ನೋಡಿ ಅದರ ಉಪಯೋಗವನ್ನು ಅಳೆಯಬಾರದು.

ಹೊರಗಿನ ಗಾಳಿಗಿಂತ ಒಳಗನ್ನು ತಂಪು ಮಾಡುವ ಸಾಮರ್ಥ್ಯ ಇದಕ್ಕಿಲ್ಲ ಎಂಬುದನ್ನು ಮೊದಲೇ ತಿಳಿದಿರಬೇಕು. ಹೊರಗೆ 41 ಡಿಗ್ರಿ ಇದ್ದರೆ ಒಳಗನ್ನು ಅದರ ಹತ್ತಿರಕ್ಕೆ ತರಬಹುದು, ಅದಕ್ಕಿಂತ ಕೆಳಗೆ ಇಳಿಸಲಾಗದು. ಅಲ್ಲದೆ ಕಾದ ಪತ್ರಾಸಿನಿಂದ ನೇರವಾಗಿ ಕೆಳಗೆ ಸೂಸುವ ಶಾಖವನ್ನು ಇದು ತಡೆಯುವುದಿಲ್ಲ. ಅದಕ್ಕೆ ಪತ್ರಾಸಿನ ಮೇಲೆ ಬಿಸಿಲು ಹಿಂದಿರುಗಿಸುವ ಬಿಳಿ ಬಣ್ಣವನ್ನೋ, ಒಳಗೆ ಶಾಖ ತಡೆಯುವ ಹಾಳೆಯನ್ನೋ ಬೇರೆಯಾಗಿ ಹಾಕಬೇಕು. ಎರಡೂ ಸೇರಿದಾಗ ಸಿಗುವ ನೆಮ್ಮದಿ ಒಂದರಿಂದಲೇ ಸಿಗುವುದಿಲ್ಲ.

ಎಷ್ಟು ಬೇಕು ಎಂಬ ಲೆಕ್ಕ

ನಮ್ಮ ಮಾರುಕಟ್ಟೆಯಲ್ಲಿ ಹೆಚ್ಚಾಗಿ ಸಿಗುವುದು 24 ಇಂಚು, ಅಂದರೆ 600 ಮಿಲಿಮೀಟರ್ ಕುತ್ತಿಗೆಯ ಅಳತೆ. ಉದಾಹರಣೆಯ ಶೆಡ್ಡಿಗೆ ಗೋಡೆಯ ಎತ್ತರ 10 ಅಡಿ, ನೆತ್ತಿಯ ಎತ್ತರ 13 ಅಡಿ ಎಂದಿಟ್ಟುಕೊಂಡರೆ ಸರಾಸರಿ ಎತ್ತರ ಹನ್ನೊಂದೂವರೆ ಅಡಿಯಾಗುತ್ತದೆ, ಒಳಗಿನ ಗಾಳಿಯ ಗಾತ್ರ 6,900 ಘನ ಅಡಿ. ದಾಸ್ತಾನಿನ ಜಾಗಕ್ಕೆ ಗಂಟೆಗೆ ಆರು ಸಲ ಗಾಳಿ ಬದಲಾದರೆ ಸಾಕು ಎಂಬ ಅಂದಾಜು ಹಿಡಿದರೆ ಗಂಟೆಗೆ ಸುಮಾರು 41,000 ಘನ ಅಡಿ ಗಾಳಿ ಹೊರಗೆ ಹೋಗಬೇಕು.

ಮಾರುವವರ ಪಟ್ಟಿಯಲ್ಲಿ ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡ ಅಂಕಿ ಬರೆದಿರುತ್ತದೆ, ಆದರೆ ಆ ಅಂಕಿಗಳು ಒಳ್ಳೆಯ ಗಾಳಿ ಬೀಸುವಾಗಿನ ಲೆಕ್ಕಗಳು. ನಮಗೆ ಬೇಕಾದದ್ದು ಮರದ ಎಲೆಯೂ ಅಲುಗಾಡದ ಮಧ್ಯಾಹ್ನದ ಲೆಕ್ಕ. ಗಾಳಿ ಒಳಬರುವ ಕಿಂಡಿಗೂ ಟರ್ಬೊಗೂ ನಡುವೆ 10 ಅಡಿ ಎತ್ತರದ ಅಂತರವಿದ್ದು, ಒಳಗಿನ ಗಾಳಿ ಹೊರಗಿಗಿಂತ 5 ಡಿಗ್ರಿ ಹೆಚ್ಚು ಕಾದಿದ್ದರೆ, 24 ಇಂಚಿನ ಒಂದು ಬಾಯಿಯಿಂದ ಕೇವಲ ಕಾವಿನ ಬಲದ ಮೇಲೆ ಗಂಟೆಗೆ 15,000ದಿಂದ 20,000 ಘನ ಅಡಿ ಗಾಳಿ ಹೊರಗೆ ಹೋಗಬಹುದು. ಹಾಗಾಗಿ ಈ ಶೆಡ್ಡಿಗೆ ಒಂದು ಸಾಲದು, ಎರಡು ಬೇಕು; ಎರಡು ಸೇರಿದರೆ 30,000ದಿಂದ 40,000, ಅಂದರೆ ಬೇಕಾದುದರ ಹತ್ತಿರಕ್ಕೆ ಬರುತ್ತದೆ. ಗಾಳಿ ಎದ್ದ ದಿನ ಅವು ಇದಕ್ಕಿಂತ ಹೆಚ್ಚೇ ಕೆಲಸ ಮಾಡುತ್ತವೆ. ಹಣ ಉಳಿಸಲು ಒಂದನ್ನೇ ನಟ್ಟನಡುವೆ ಕೂರಿಸಿದರೆ ಎರಡೂ ತುದಿಗಳಲ್ಲಿ ಕಾವು ನಿಂತಲ್ಲೇ ನಿಲ್ಲುತ್ತದೆ.

ಮೊದಲ ಕೆಲಸ ಮಾಡಿನ ಮೇಲಲ್ಲ, ಗೋಡೆಯ ಬುಡದಲ್ಲಿ

ನಾನು ಮೊದಲ ಸಲ ಟರ್ಬೊ ಹಾಕಿಸಿದಾಗ ಮಾಡಿದ ತಪ್ಪು ಇಲ್ಲಿಯೇ ಇತ್ತು, ಆದ್ದರಿಂದ ಇದನ್ನು ವಿಸ್ತಾರವಾಗಿ ಹೇಳುತ್ತೇನೆ. ಇಲಿಯ ಕಾಟಕ್ಕೆ ಅಂಜಿ ಗೋಡೆಯ ಎಲ್ಲ ಸಂದುಗಳನ್ನೂ ಸಿಮೆಂಟಿನಿಂದ ಮುಚ್ಚಿಸಿದ್ದೆ, ಕಿಟಕಿಗಳಿರಲಿಲ್ಲ, ಬಾಗಿಲು ಸದಾ ಬೀಗ ಹಾಕಿರುತ್ತಿತ್ತು. ಮೇಲೆ ಟರ್ಬೊ ಚೆನ್ನಾಗಿಯೇ ತಿರುಗುತ್ತಿತ್ತು, ಒಳಗಿನ ಕಾವು ಮಾತ್ರ ಇದ್ದಂತೆಯೇ ಇತ್ತು. ಒಂದು ದಿನ ಬಾಗಿಲನ್ನು ಒಂದು ಗೇಣಿನಷ್ಟು ತೆರೆದು ನಿಂತಾಗ ಆ ಸಂದಿಯಿಂದ ಗಾಳಿ ನನ್ನ ಕಾಲಿಗೆ ತಾಗುವಂತೆ ಒಳಕ್ಕೆ ನುಗ್ಗಿತು. ನೆಲದ ಮೇಲಿದ್ದ ಜೋಳದ ಹೊಟ್ಟು ಸರಿದು ಹೋಯಿತು. ಹೊರಗೆ ಹೋಗುವಷ್ಟೇ ಗಾಳಿ ಒಳಗೆ ಬರಬೇಕು, ಬರಲು ದಾರಿಯಿಲ್ಲದಿದ್ದರೆ ಹೋಗುವುದೂ ಇಲ್ಲ ಎಂಬ ಸರಳ ಸತ್ಯ ಅಂದು ಕಣ್ಣಿಗೆ ಕಂಡಿತು.

ಒಳಬರುವ ಕಿಂಡಿಗಳ ಒಟ್ಟು ತೆರಪು ಟರ್ಬೊಗಳ ಬಾಯಿಯ ಒಟ್ಟು ವಿಸ್ತೀರ್ಣದ ಕನಿಷ್ಠ ಒಂದೂವರೆ ಪಟ್ಟು ಇರಬೇಕು. 24 ಇಂಚಿನ ಒಂದು ಬಾಯಿಯ ವಿಸ್ತೀರ್ಣ 3.14 ಚದರ ಅಡಿ, ಎರಡಕ್ಕೆ 6.28, ಅದರ ಒಂದೂವರೆ ಪಟ್ಟು ಎಂದರೆ ಸುಮಾರು ಒಂಬತ್ತೂವರೆ ಚದರ ಅಡಿ. ಆದರೆ ಕಿಂಡಿಗೆ ಜಾಳಿಗೆ ಹಾಕಿದಾಗ ತಂತಿಯೇ ಮೂರನೇ ಒಂದು ಭಾಗದಷ್ಟು ದಾರಿಯನ್ನು ತಿನ್ನಬಹುದು ಎಂದು ಹಿಡಿಯಿರಿ. ಹೀಗಾಗಿ 2 ಅಡಿ ಅಗಲ, ಒಂದೂವರೆ ಅಡಿ ಎತ್ತರದ ಐದು ಕಿಂಡಿಗಳನ್ನು ಇಟ್ಟರೆ ಒಟ್ಟು 15 ಚದರ ಅಡಿಯಾಗಿ, ಜಾಳಿಗೆ ಕಳೆದು 10 ಚದರ ಅಡಿ ಉಳಿಯುತ್ತದೆ.

ಕಿಂಡಿಯ ಕೆಳಅಂಚು ನೆಲದಿಂದ ಒಂದು ಅಡಿ ಮೇಲಿರಲಿ, ಅದಕ್ಕಿಂತ ಕೆಳಗಿದ್ದರೆ ಅಂಗಳದಲ್ಲಿ ಹರಿಯುವ ಮಳೆನೀರು ಸಿಡಿಯುತ್ತದೆ. ಒಂದೇ ಗೋಡೆಯಲ್ಲಿ ಎಲ್ಲವನ್ನೂ ಮಾಡದೆ ಎದುರುಬದುರು ಗೋಡೆಗಳಿಗೆ ಹಂಚಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಗಾಳಿ ಪಡುವಣದಿಂದ ಬೀಸುವುದರಿಂದ ಆ ಕಡೆಯ ಕಿಂಡಿಗಳಿಗೆ ಹೊರಗಿನಿಂದ ಇಳಿಜಾರಾದ ತಗಡಿನ ಮುಚ್ಚಳ ಅಥವಾ ಓರೆ ಪಟ್ಟಿಗಳ ಚೌಕಟ್ಟು ಬೇಕೇ ಬೇಕು. ಜಾಳಿಗೆಯ ಕಣ್ಣು ಕಾಲು ಇಂಚಿಗಿಂತ ದೊಡ್ಡದಾಗಿರಬಾರದು, ಅರ್ಧ ಇಂಚಿನ ಕಣ್ಣಿನಲ್ಲಿ ಸಣ್ಣ ಇಲಿ ತೂರುತ್ತದೆ. ಪ್ಲಾಸ್ಟಿಕ್ ಜಾಳಿಗೆಯನ್ನು ಇಲಿ ಕಡಿಯುವುದರಿಂದ ಸತುವಿನ ಲೇಪವಿರುವ ತಂತಿಯನ್ನೇ ಬಳಸಬೇಕು. ಚೀಲಗಳ ಅಟ್ಟಿಯನ್ನು ಗೋಡೆಗೆ ಒತ್ತಿ ಇಟ್ಟು ಕಿಂಡಿಯನ್ನು ಮುಚ್ಚಿಬಿಟ್ಟರೆ ಮಾಡಿದ್ದೆಲ್ಲ ವ್ಯರ್ಥ. ಗೋಡೆಯಿಂದ ಒಂದೂವರೆ ಅಡಿ ಬಿಟ್ಟು, ನೆಲದಿಂದ ಮೇಲೆ ಮರದ ಹಲಗೆಯ ಮೇಲೆ ಅಟ್ಟಿ ಹಾಕುವ ರೂಢಿಯನ್ನು ಮೊದಲೇ ಮಾಡಿಕೊಳ್ಳಿರಿ.

ತರಬೇಕಾದ ಸಾಮಾನು

ಟರ್ಬೊ ಕೊಳ್ಳುವ ಮೊದಲು ನಿಮ್ಮ ಪತ್ರಾಸಿನ ಏರಿಳಿತದ ಅಳತೆಯನ್ನು ಬರೆದುಕೊಂಡು ಹೋಗಬೇಕು. ಒಂದು ದಿಬ್ಬದ ನಡುವಿನಿಂದ ಮುಂದಿನ ದಿಬ್ಬದ ನಡುವಿನವರೆಗೆ ಎಷ್ಟು, ದಿಬ್ಬದ ಎತ್ತರ ಎಷ್ಟು ಎಂಬ ಎರಡು ಅಂಕಿಗಳು ಸಾಕು. ಇನ್ನೂ ಒಳ್ಳೆಯದೆಂದರೆ ಪತ್ರಾಸಿನ ತುದಿಗೆ ರಟ್ಟನ್ನು ಹಿಡಿದು ಗೆರೆ ಎಳೆದು ಕತ್ತರಿಸಿ ಆ ಅಚ್ಚನ್ನೇ ಒಯ್ಯುವುದು. ತಳದ ಹಾಳೆ ಇದೇ ಏರಿಳಿತದ್ದಾಗಿರಬೇಕು, ಫೈಬರ್‌ನದಾದರೂ ಸರಿ, ತಗಡಿನದಾದರೂ ಸರಿ. ಚಪ್ಪಟೆ ತಳದ ಟರ್ಬೊವನ್ನು ಏರಿಳಿತದ ಪತ್ರಾಸಿನ ಮೇಲೆ ಇಟ್ಟು ಸಂದುಗಳಿಗೆಲ್ಲ ಸಿಲಿಕಾನ್ ತುಂಬುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಪತ್ರಾಸ್ ಹಗಲು ಹಿಗ್ಗಿ ರಾತ್ರಿ ಕುಗ್ಗುವಾಗ ಆ ದಪ್ಪ ಸಿಲಿಕಾನ್ ಎರಡು ಬೇಸಿಗೆಯಲ್ಲಿ ಬಿರಿಯುತ್ತದೆ.

ಇದರ ಜೊತೆಗೆ ರಬ್ಬರ್ ವಾಷರ್ ಇರುವ ಸೆಲ್ಫ್ ಡ್ರಿಲ್ಲಿಂಗ್ ಸ್ಕ್ರೂಗಳು, ಬ್ಯುಟೈಲ್ ಟೇಪ್ (ನೀರು ತಡೆಯುವ ಮೆತ್ತನೆಯ ಅಂಟುಪಟ್ಟಿ), ನ್ಯೂಟ್ರಲ್ ಎಂದು ಬರೆದಿರುವ ಸಿಲಿಕಾನ್ ಟ್ಯೂಬ್, ಅಲ್ಯೂಮಿನಿಯಂ ರಿವೆಟ್ಟುಗಳು, ಒಂದು ಇಂಚಿನ ಆಂಗಲ್ (ಎಲ್ ಆಕಾರದ ಕಬ್ಬಿಣದ ಪಟ್ಟಿ) ಮತ್ತು ಹಕ್ಕಿ ತಡೆಯುವ ಜಾಳಿಗೆ ಬೇಕು. ಹಚ್ಚುವಾಗ ವಿನೆಗರ್‌ನಂತೆ ಹುಳಿ ವಾಸನೆ ಬರುವ ಅಗ್ಗದ ಸಿಲಿಕಾನ್ ಪತ್ರಾಸಿನ ಸತುವಿನ ಲೇಪವನ್ನು ತಿನ್ನುತ್ತದೆ, ಅದನ್ನು ತರಬೇಡಿರಿ. ಹತಾರಗಳಲ್ಲಿ ಡ್ರಿಲ್ಲಿಂಗ್ ಮಷೀನ್, ಪತ್ರಾಸ್ ಕತ್ತರಿ, ರಿವೆಟ್ ಗನ್, ರಸಮಟ್ಟ, ತೂಗುಗುಂಡು ಮತ್ತು ಗಟ್ಟಿ ಹಗ್ಗ ಇರಲಿ.

ಮಾಡನ್ನು ಹತ್ತುವ ಮೊದಲು

ಈ ಕೆಲಸಕ್ಕೆ ಸಂಕ್ರಾಂತಿಯಿಂದ ಶಿವರಾತ್ರಿಯವರೆಗಿನ ದಿನಗಳೇ ಸರಿ. ಬಿಳಿಜೋಳ ಇನ್ನೂ ಹೊಲದಲ್ಲಿರುತ್ತದೆ, ಗೋದಾಮಿನಲ್ಲಿ ಓಡಾಡಲು ಜಾಗವಿರುತ್ತದೆ, ಮಳೆಯ ಅಂಜಿಕೆ ಕಡಿಮೆ. ಏಪ್ರಿಲ್, ಮೇ ತಿಂಗಳಲ್ಲಿ ಸಂಜೆಯ ಹೊತ್ತು ಹಠಾತ್ತನೆ ಏಳುವ ಬಿರುಗಾಳಿ ಮತ್ತು ಸಿಡಿಲಿನ ದಿನಗಳಲ್ಲಿ ಪತ್ರಾಸಿನ ಮೇಲೆ ಮನುಷ್ಯ ಇರಲೇಬಾರದು. ಯಾವ ತಿಂಗಳಾದರೂ ಬೆಳಿಗ್ಗೆ ಹತ್ತರೊಳಗೆ ಮೇಲಿನ ಕೆಲಸ ಮುಗಿಸಿರಿ; ಆಮೇಲೆ ಪತ್ರಾಸ್ ಅಂಗೈ ಸುಡುತ್ತದೆ, ಅದರ ಹೊಳಪಿಗೆ ಕಣ್ಣೂ ಸೋಲುತ್ತದೆ.

ಶೆಡ್ಡಿನ ಮೇಲೆ ಅಥವಾ ಪಕ್ಕದಲ್ಲಿ ವಿದ್ಯುತ್ ತಂತಿ ಹಾದುಹೋಗಿದ್ದರೆ ಹೆಸ್ಕಾಂ ಕಚೇರಿಗೆ ತಿಳಿಸಿ ಲೈನ್ ಬಂದ್ ಮಾಡಿಸಿಕೊಂಡ ಮೇಲೆಯೇ ನಿಚ್ಚಣಿಕೆ ಎತ್ತಬೇಕು, ಏಕೆಂದರೆ ಕಬ್ಬಿಣದ ನಿಚ್ಚಣಿಕೆ ವಾಲಿ ತಂತಿಗೆ ತಾಗಿದರೆ ಕ್ಷಣದಲ್ಲಿ ಜೀವ ಹೋಗುತ್ತದೆ. ಕನಿಷ್ಠ ಇಬ್ಬರು ಇರಬೇಕು, ಒಬ್ಬರು ಮೇಲೆ, ಒಬ್ಬರು ಕೆಳಗೆ. ಮೇಲಿರುವವರ ಸೊಂಟಪಟ್ಟಿಯ ಹಗ್ಗವನ್ನು ಶೆಡ್ಡಿನ ಮುಖ್ಯ ಕಬ್ಬಿಣದ ಚೌಕಟ್ಟಿಗೆ ಬಿಗಿಯಬೇಕು, ಪತ್ರಾಸಿನ ಸ್ಕ್ರೂಗಳಿಗಲ್ಲ. ಚಪ್ಪಲಿ ಬೇಡ, ರಬ್ಬರ್ ತಳದ ಬೂಟು ಇರಲಿ. ಸ್ಕ್ರೂಗಳ ಸಾಲು ಇರುವಲ್ಲಿ ಕೆಳಗೆ ಪರ್ಲಿನ್, ಅಂದರೆ ಪತ್ರಾಸನ್ನು ಹೊರುವ ಅಡ್ಡಪಟ್ಟಿ ಇರುತ್ತದೆ, ಕಾಲಿಡುವುದು ಆ ಸಾಲಿನ ಮೇಲೆಯೇ.

ಜಾಗ ಗುರುತಿಸಿ ತೂತು ತೆಗೆಯುವುದು

30 ಅಡಿ ಉದ್ದವನ್ನು ಎರಡು ಪಾಲು ಮಾಡಿದರೆ ಒಂದೊಂದು ಪಾಲು 15 ಅಡಿ; ಒಂದೊಂದು ಪಾಲಿನ ನಡುವೆ, ಅಂದರೆ ಪ್ರತಿ ತುದಿಯಿಂದ ಏಳೂವರೆ ಅಡಿಗೆ ಒಂದೊಂದು ಟರ್ಬೊ ಬರುತ್ತದೆ. ಎರಡೂ ಇಳಿಜಾರು ಕೂಡುವ ನೆತ್ತಿಯ ಸಾಲಿನಿಂದ ಕೆಳಕ್ಕೆ ಸುಮಾರು ಎರಡೂವರೆ ಅಡಿಯಲ್ಲಿ ತೂತಿನ ನಡುಬಿಂದು ಇದ್ದರೆ, ಕುತ್ತಿಗೆಯ ಎತ್ತರ ಸೇರಿ ಟರ್ಬೊದ ತಲೆ ನೆತ್ತಿಗಿಂತ ಮೇಲೆ ಬರುತ್ತದೆ, ಯಾವ ದಿಕ್ಕಿನ ಗಾಳಿಯಾದರೂ ಅದಕ್ಕೆ ತಾಗುತ್ತದೆ. ಪಕ್ಕದಲ್ಲಿ ಬೇವಿನ ಮರದ ಕೊಂಬೆ ಬಾಗಿದ್ದರೆ ಅದನ್ನು ಸವರಬೇಕು.

ಗುರುತು ಹಾಕುವುದು ಒಳಗಿನಿಂದ. ನಿಚ್ಚಣಿಕೆ ಹತ್ತಿ ಎರಡು ಪರ್ಲಿನ್‌ಗಳ ನಡುವಿನ ತೆರಪನ್ನು ಅಳೆದು, 24 ಇಂಚಿನ ವೃತ್ತ ಪರ್ಲಿನ್‌ಗೆ ತಾಗದಂತೆ ಕೂರುವುದೇ ಎಂದು ನೋಡಿರಿ. ತಾಗುವಂತಿದ್ದರೆ ವೃತ್ತವನ್ನು ಸರಿಸಬೇಕೇ ಹೊರತು ಪರ್ಲಿನ್ ಕತ್ತರಿಸಬಾರದು. ಬಿರುಗಾಳಿಗೆ ಮಾಡು ಹಾರದಂತೆ ಹಿಡಿದಿರುವುದು ಅದೇ. ನಡುಬಿಂದುವಿನಲ್ಲಿ ಒಳಗಿನಿಂದ ಒಂದು ಸಣ್ಣ ತೂತು ಕೊರೆದರೆ ಮೇಲಿರುವವರಿಗೆ ಅದೇ ಗುರುತು. ಮೇಲಿನಿಂದ ಆ ಬಿಂದುವಿಗೆ ಮೊಳೆ ಇಟ್ಟು 12 ಇಂಚಿನ ದಾರ ಕಟ್ಟಿ ವೃತ್ತ ಎಳೆಯಿರಿ, ಆದರೆ ಕತ್ತರಿಸುವ ಮೊದಲು ತಳದ ಹಾಳೆಯನ್ನು ಒಮ್ಮೆ ಇಟ್ಟು ಅದರ ದಿಬ್ಬಗಳು ಪತ್ರಾಸಿನ ದಿಬ್ಬಗಳ ಮೇಲೆ ಕೂರುತ್ತವೆಯೇ, ಅದರ ಬಾಯಿ ವೃತ್ತಕ್ಕೆ ಸರಿಯಾಗಿ ಬರುತ್ತದೆಯೇ ಎಂದು ನೋಡಲೇಬೇಕು. ಒಂದೆರಡು ಇಂಚು ಆಚೀಚೆ ಮಾಡಬೇಕಾದರೆ ಈಗಲೇ ಮಾಡಬೇಕು.

ಕತ್ತರಿಸಲು ಗ್ರೈಂಡರ್ ಬಳಸುವುದು ನಮ್ಮಲ್ಲಿ ರೂಢಿ, ಏಕೆಂದರೆ ಅದು ಬೇಗ. ಆದರೆ ಅದರ ಕಿಡಿಗಳು ಪತ್ರಾಸಿನ ಬಣ್ಣ ಮತ್ತು ಸತುವಿನ ಲೇಪವನ್ನು ಸುಟ್ಟು ತುಕ್ಕಿಗೆ ದಾರಿ ಮಾಡುತ್ತವೆ, ಜೊತೆಗೆ ಕೆಳಗೆ ಕಣಿಕೆ, ಖಾಲಿ ಚೀಲ, ಹೊಟ್ಟು ಇದ್ದರೆ ಬೆಂಕಿ ಹತ್ತಲು ಒಂದೇ ಕಿಡಿ ಸಾಕು. ನಿಧಾನವಾದರೂ ಪತ್ರಾಸ್ ಕತ್ತರಿಯೇ ಲೇಸು: ನಡುವೆ ಕತ್ತರಿ ತೂರುವಷ್ಟು ತೂತು ಕೊರೆದು, ಅಲ್ಲಿಂದ ಸುರುಳಿಯಾಗಿ ಅಂಚಿನ ಕಡೆಗೆ ಕತ್ತರಿಸುತ್ತ ಬರಬೇಕು. ಕೆಳಗಿರುವವರು ತುಂಡನ್ನು ಹಿಡಿಯಲು ದಪ್ಪ ಕೈಗವಸು ಹಾಕಿಕೊಂಡು ಬದಿಯಲ್ಲಿ ನಿಂತಿರಲಿ, ನೇರ ಕೆಳಗೆ ಬೇಡ. ಮೇಲೆ ಚೆಲ್ಲಿದ ಕಬ್ಬಿಣದ ಚೂರುಗಳನ್ನು ಒಂದೂ ಬಿಡದೆ ಗುಡಿಸಿ ತೆಗೆಯಿರಿ. ಒಂದೇ ರಾತ್ರಿಯ ಇಬ್ಬನಿಗೆ ಅವು ತುಕ್ಕು ಹಿಡಿದು ಪತ್ರಾಸಿನ ಮೇಲೆ ಕಂದು ಚುಕ್ಕೆ ಬಿಡುತ್ತವೆ, ಆ ಚುಕ್ಕೆಯ ಕೆಳಗೆ ಮುಂದೆ ತೂತು ಬೀಳುತ್ತದೆ. ಕತ್ತರಿಸಿದ ಅಂಚಿಗೆ ಸತುವಿನ ಬಣ್ಣ ಹಚ್ಚಬೇಕು.

ತೂತು ತೆಗೆದ ಮೇಲೆ ಪತ್ರಾಸ್ ಆ ಜಾಗದಲ್ಲಿ ಬಲ ಕಳೆದುಕೊಳ್ಳುತ್ತದೆ. ತೂತಿನ ಎಡಕ್ಕೊಂದು ಬಲಕ್ಕೊಂದು ಆಂಗಲ್ ತುಂಡುಗಳನ್ನು ಮೇಲಿನ ಪರ್ಲಿನ್‌ನಿಂದ ಕೆಳಗಿನ ಪರ್ಲಿನ್‌ಗೆ ಬೋಲ್ಟ್ ಮಾಡಿದರೆ ಟರ್ಬೊದ ಭಾರವೂ ಗಾಳಿಯ ಎಳೆತವೂ ಪತ್ರಾಸಿನ ಮೇಲಲ್ಲ, ಆಂಗಲ್ಲುಗಳ ಮೇಲೆ ಬೀಳುತ್ತವೆ. ಈ ಹೆಜ್ಜೆಯನ್ನು ಬಿಟ್ಟುಬಿಡುವವರು ಬಹಳ; ಬಿಟ್ಟರೆ ಬಿರುಗಾಳಿಯಲ್ಲಿ ಪತ್ರಾಸ್ ನಡುಗಿ ಸ್ಕ್ರೂಗಳ ತೂತುಗಳು ಅಗಲವಾಗುತ್ತವೆ.

ತಳದ ಹಾಳೆ: ನೀರಿನ ದಾರಿ ತಿಳಿದು ಕೂರಿಸಬೇಕು

ಟರ್ಬೊ ಸೋರುತ್ತದೆ ಎಂಬ ದೂರು ಬಂದಾಗ ಹೆಚ್ಚಾಗಿ ತಪ್ಪು ತಲೆಯಲ್ಲಿ ಇರುವುದಿಲ್ಲ, ತಳದ ಹಾಳೆಯ ಮೇಲಂಚಿನಲ್ಲಿ ಇರುತ್ತದೆ. ನಮ್ಮ ಮೊದಲ ಟರ್ಬೊವನ್ನು ಕೂರಿಸಿದವರು ಹಾಳೆಯನ್ನು ಪತ್ರಾಸಿನ ಮೇಲೆ ಸುಮ್ಮನೆ ಇಟ್ಟು ನಾಲ್ಕೂ ಅಂಚಿಗೆ ಸಿಲಿಕಾನ್ ಬಳಿದು ಹೋಗಿದ್ದರು. ಮಿರಗದ (ಮೃಗಶಿರ ನಕ್ಷತ್ರದ) ಮೊದಲ ಜೋರು ಮಳೆಗೆ ನೆತ್ತಿಯಿಂದ ಇಳಿದ ನೀರು ಆ ಮೇಲಂಚಿಗೆ ಬಡಿದು, ಅಲ್ಲಿಯೇ ನಿಂತು, ಸಿಲಿಕಾನ್ ಬಿಟ್ಟ ಕೂದಲೆಳೆಯ ಸಂದಿಯಿಂದ ಒಳಗಿಳಿದು ಆರು ಚೀಲ ತೊಗರಿಯನ್ನು ನೆನೆಸಿತ್ತು. ಅದನ್ನು ಸರಿಪಡಿಸಲು ಬಂದ ಹಿರಿಯ ಮೇಸ್ತ್ರಿ ಮೇಲೆ ಹತ್ತಿ ನೋಡಿದ ಕೂಡಲೇ ಹೇಳಿದ ಮಾತು ಇಷ್ಟೇ: "ನೀರಿಗೆ ಅಡ್ಡ ಹೋಗಬ್ಯಾಡ್ರಿ ಸಾಹುಕಾರ್ರ, ಮ್ಯಾಲಿಂದು ಯಾವಾಗಲೂ ಕೆಳಗಿಂದರ ಮ್ಯಾಲ ಕುಂದರಬೇಕು."

ಹೆಂಚಿನ ಮನೆಯನ್ನು ನೋಡಿದವರಿಗೆ ಈ ನಿಯಮ ಹೊಸದಲ್ಲ. ತಳದ ಹಾಳೆಯ ಮೇಲಂಚು ನೆತ್ತಿಯ ರಿಜ್ ಪತ್ರಾಸಿನ ಕೆಳಗೆ ಕನಿಷ್ಠ ಆರು ಇಂಚು ಒಳಸೇರಬೇಕು, ಕೆಳಅಂಚು ಶೆಡ್ಡಿನ ಪತ್ರಾಸಿನ ಮೇಲೆ ಕೂರಬೇಕು. ಆಗ ನೆತ್ತಿಯಿಂದ ಬಂದ ನೀರು ರಿಜ್ ಪತ್ರಾಸಿನಿಂದ ತಳದ ಹಾಳೆಯ ಮೇಲೆ, ಅಲ್ಲಿಂದ ಕುತ್ತಿಗೆಯ ಎರಡೂ ಬದಿಗೆ ಸರಿದು ಶೆಡ್ಡಿನ ಪತ್ರಾಸಿನ ಮೇಲೆ ಇಳಿಯುತ್ತದೆ. ದಾರಿಯಲ್ಲಿ ಎಲ್ಲಿಯೂ ಅಂಚಿಗೆ ಎದುರಾಗುವುದಿಲ್ಲ. ಸಿಲಿಕಾನ್ ಇಲ್ಲದಿದ್ದರೂ ಸೋರದಂತೆ ಜೋಡಣೆ ಇರಬೇಕು, ಸಿಲಿಕಾನ್ ಏನಿದ್ದರೂ ಮೇಲಿನ ಭದ್ರತೆ.

ಇದಕ್ಕಾಗಿ ತೂತಿನ ಎರಡೂ ಬದಿಗೆ ಎರಡೆರಡು ಅಡಿ ದೂರದವರೆಗೆ ರಿಜ್ ಪತ್ರಾಸಿನ ಸ್ಕ್ರೂಗಳನ್ನು ಬಿಚ್ಚಿ, ಅದನ್ನು ಮೆಲ್ಲಗೆ ಎತ್ತಿ ಮರದ ತುಂಡು ಸಿಕ್ಕಿಸಿ, ಹಾಳೆಯನ್ನು ಕೆಳಗಿನಿಂದ ಮೇಲಕ್ಕೆ ಜಾರಿಸಬೇಕು. ಹಾಳೆ ಅಷ್ಟು ಉದ್ದ ಇಲ್ಲದಿದ್ದರೆ ಅದೇ ಏರಿಳಿತದ ಪತ್ರಾಸಿನ ಒಂದು ತುಂಡನ್ನು ರಿಜ್‌ನ ಕೆಳಗಿನಿಂದ ತಳದ ಹಾಳೆಯ ಮೇಲೆ ಆರು ಇಂಚು ಬರುವಂತೆ ಹೊದಿಸಬೇಕು. ಎಡಬಲದಲ್ಲಿ ಹಾಳೆಯ ಕೊನೆಯ ದಿಬ್ಬ ಪತ್ರಾಸಿನ ದಿಬ್ಬವನ್ನು ಪೂರ್ತಿಯಾಗಿ ಮುಚ್ಚಬೇಕು, ತಗ್ಗಿನಲ್ಲಿ ಮುಗಿಯಬಾರದು.

ಕೂರಿಸುವ ಮೊದಲು ಎರಡರ ನಡುವೆ ಎಡ, ಬಲ ಮತ್ತು ಕೆಳಅಂಚುಗಳಲ್ಲಿ ಬ್ಯುಟೈಲ್ ಟೇಪ್ ಹಚ್ಚಿರಿ. ಧೂಳಿದ್ದರೆ ಅದು ಹಿಡಿಯದು, ನಮ್ಮ ಎರೆಮಣ್ಣಿನ ಧೂಳು ಒಣ ಬಟ್ಟೆಗೆ ಹೋಗುವುದೂ ಇಲ್ಲ, ಒದ್ದೆ ಬಟ್ಟೆಯಿಂದ ಒರೆಸಿ ಒಣಗಲು ಬಿಡಬೇಕು. ಸ್ಕ್ರೂಗಳನ್ನು ದಿಬ್ಬದ ಮೇಲೆಯೇ ಹಾಕಬೇಕು, ತಗ್ಗಿನಲ್ಲಿ ನೀರು ಹರಿಯುತ್ತದೆ. ಬಿಗಿಯುವಾಗ ರಬ್ಬರ್ ವಾಷರ್ ಸ್ವಲ್ಪ ಉಬ್ಬಿ ಅಂಚಿಗೆ ಸಮವಾಗಿ ಕಂಡಾಗ ನಿಲ್ಲಿಸಿರಿ. ಇನ್ನೂ ಒಂದು ಸುತ್ತು ಹೆಚ್ಚು ತಿರುಗಿಸಿದರೆ ರಬ್ಬರ್ ಸೀಳುತ್ತದೆ, ಫೈಬರ್ ಹಾಳೆಯಾದರೆ ಹಾಳೆಯೇ ಬಿರಿಯುತ್ತದೆ. ಆಂಗಲ್ ತುಂಡುಗಳಿಗೂ ಸ್ಕ್ರೂ ತಲುಪುವಂತೆ ನೋಡಿಕೊಳ್ಳಿರಿ. ಕೊನೆಗೆ ರಿಜ್ ಪತ್ರಾಸನ್ನು ಇಳಿಸಿ ಹಳೆಯ ತೂತುಗಳಿಗೆ ಒಂದು ಅಳತೆ ದಪ್ಪನೆಯ ಹೊಸ ಸ್ಕ್ರೂ ಹಾಕಬೇಕು, ಹಳೆಯವನ್ನೇ ಹಾಕಿದರೆ ಹಿಡಿತ ಸಾಲದು.

ಕುತ್ತಿಗೆ, ಮುಚ್ಚಳ, ತಲೆ

ತಳದ ಹಾಳೆಯ ಬಾಯಿಗೆ ಒಳಗಿನಿಂದ ಹಕ್ಕಿ ತಡೆಯುವ ಜಾಳಿಗೆ ಬಿಗಿಯಿರಿ. ಗುಬ್ಬಿ ಮತ್ತು ಪಾರಿವಾಳ ಎಲೆಗಳ ಸಂದಿಯಿಂದ ಬರುವುದು ಕಡಿಮೆ, ಆದರೆ ಬಾಗಿಲು ತೆರೆದಾಗ ಒಳಗೆ ಬಂದ ಹಕ್ಕಿ ಮೇಲೆ ಹಾರಿ ಎಲೆಗಳಿಗೆ ಸಿಗುತ್ತದೆ.

ಕುತ್ತಿಗೆ ಎರಡು ತುಂಡಿನದಾಗಿದ್ದರೆ ಅವುಗಳನ್ನು ಒಂದರ ಮೇಲೊಂದು ತಿರುವಿದಂತೆ ಮೇಲಿನ ಬಾಯಿಯ ಓರೆ ಬದಲಾಗುತ್ತದೆ. ಮೇಲಿನ ಅಂಚಿನ ಮೇಲೆ ಮಟ್ಟಸವಾದ ಪಟ್ಟಿ ಇಟ್ಟು, ಅದರ ಮೇಲೆ ರಸಮಟ್ಟ ಇಟ್ಟು, ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಗುಳ್ಳೆ ನಡುವೆ ನಿಲ್ಲುವವರೆಗೆ ತಿರುವಿರಿ. ಕಣ್ಣಂದಾಜು ಇಲ್ಲಿ ಮೋಸ ಮಾಡುತ್ತದೆ, ಏಕೆಂದರೆ ಇಳಿಜಾರಿನ ಮೇಲೆ ನಿಂತವರಿಗೆ ನೆಟ್ಟಗಿರುವುದೂ ವಾಲಿದಂತೆ ಕಾಣುತ್ತದೆ. ತಲೆ ತಿರುಗುವ ನಡುವಿನ ಕಡ್ಡಿ ನೆಟ್ಟಗಿಲ್ಲದಿದ್ದರೆ ಬೇರಿಂಗಿನ ಒಂದೇ ಬದಿ ಸವೆದು, ಮೊದಲು ಗುಂಯ್‌ಗುಡುವ ಸದ್ದು, ಆಮೇಲೆ ಅಲುಗಾಟ, ಕೊನೆಗೆ ತಲೆ ನಿಲ್ಲುವುದು, ಇದೇ ಕ್ರಮದಲ್ಲಿ ಕೆಡುತ್ತದೆ. ಗುಳ್ಳೆ ನಿಂತ ಮೇಲೆ ತುಂಡುಗಳನ್ನು ರಿವೆಟ್ ಮಾಡಿ ಸಂದಿಗೆ ಸಿಲಿಕಾನ್ ಎಳೆಯಿರಿ. ಒಂದೇ ತುಂಡಿನ ಅಚ್ಚಿನ ಕುತ್ತಿಗೆಯಾದರೆ ನಿಮ್ಮ ಮಾಡಿನ ಇಳಿಜಾರಿಗೆ ತಯಾರಾದದ್ದೇ ಎಂದು ಕೊಳ್ಳುವಾಗಲೇ ಕೇಳಿರಬೇಕು.

ಅಂಗಡಿಯವರು ಹೇಳದ, ಆದರೆ ನಾನು ಒತ್ತಿ ಹೇಳುವ ಒಂದು ಸೇರ್ಪಡೆಯಿದೆ: ತೂತಿನ ಕೆಳಗೆ ಸರಿದಾಡುವ ತಗಡಿನ ಮುಚ್ಚಳ. ಈಗಾಗಲೇ ಹಾಕಿದ ಎರಡು ಆಂಗಲ್ಲುಗಳ ಅಂಚಿನ ಮೇಲೆ ಒಂದು ಚೌಕ ತಗಡು ಜಾರುವಂತೆ ಮಾಡಿ, ಎರಡೂ ಕಡೆ ಹಗ್ಗ ಕಟ್ಟಿ ಕೆಳಗಿಳಿಸಿದರೆ ನೆಲದ ಮೇಲೆ ನಿಂತೇ ತೆರೆಯಬಹುದು, ಮುಚ್ಚಬಹುದು. ಅದರ ಉಪಯೋಗವನ್ನು ಮುಂದೆ ಹೇಳುತ್ತೇನೆ.

ತಲೆ ಹಗುರವಾಗಿರುತ್ತದೆ, ಆದರೆ ಗಾಳಿಗೆ ಕೈಯಲ್ಲೇ ತಿರುಗತೊಡಗುತ್ತದೆ. ಅದನ್ನು ಹಗ್ಗದಲ್ಲಿ ಸುತ್ತಿ ಮೇಲೆ ಎಳೆದುಕೊಂಡು, ಕುತ್ತಿಗೆಯ ಮೇಲೆ ಕೂರಿಸಿ, ಸುತ್ತಲಿನ ಸ್ಕ್ರೂಗಳನ್ನು ಬಿಗಿದ ಮೇಲೆಯೇ ಹಗ್ಗ ಬಿಚ್ಚಿರಿ. ಎಲೆಗಳನ್ನು ಹಿಡಿದು ಎತ್ತಬಾರದು, ಒಂದು ಎಲೆ ಬಾಗಿದರೂ ತೂಕ ತಪ್ಪಿ ಓಲಾಡುತ್ತದೆ. ಒಂದು ಬೆರಳಿನಿಂದ ತಳ್ಳಿದರೆ ಸದ್ದಿಲ್ಲದೆ ಹಲವು ಸುತ್ತು ತಿರುಗಿ ತಾನೇ ನಿಲ್ಲಬೇಕು. ಒಂದೇ ಜಾಗದಲ್ಲಿ ಬಂದು ಬಂದು ನಿಲ್ಲುತ್ತಿದ್ದರೆ ಕುತ್ತಿಗೆ ಇನ್ನೂ ವಾಲಿದೆ ಎಂದು ತಿಳಿಯಿರಿ.

ಎರಡು ಪರೀಕ್ಷೆ

ಮೊದಲನೆಯದು ನೀರಿನದು. ನೆತ್ತಿಯಿಂದ ಪೈಪ್ ಹಿಡಿದು ಹತ್ತು ನಿಮಿಷ ನೀರು ಬಿಡಿರಿ, ಕೆಳಗಿನವರು ಬ್ಯಾಟರಿ ಹಿಡಿದು ಆಂಗಲ್, ಸ್ಕ್ರೂ ತುದಿ ಮತ್ತು ಪತ್ರಾಸಿನ ಕೆಳಮೈಯನ್ನು ನೋಡಲಿ. ನೀರು ತೊಟ್ಟಿಕ್ಕುವ ಜಾಗವೇ ಸೋರುವ ಜಾಗವಲ್ಲ, ಪತ್ರಾಸಿನ ಕೆಳಗೆ ಅದು ಎರಡು ಮೂರು ಅಡಿ ಹರಿದು ಬಂದಿರಬಹುದು. ತೇವದ ಗೆರೆಯನ್ನು ಹಿಡಿದು ಮೇಲಕ್ಕೆ ಹೋಗಿ ಮೂಲವನ್ನು ಹುಡುಕಬೇಕು. ಎರಡನೆಯದು ಗಾಳಿಯದು. ಗೋದಾಮು ಬಿಸಿಯಾದ ಮಧ್ಯಾಹ್ನ ಬಾಗಿಲು ಮುಚ್ಚಿ, ಒಂದು ಹತ್ತಿಯ ಎಳೆಯನ್ನು ಕೋಲಿಗೆ ಕಟ್ಟಿ ಪ್ರತಿ ಕಿಂಡಿಯ ಮುಂದೆ ಹಿಡಿಯಿರಿ. ಎಳೆ ಒಳಮುಖವಾಗಿ ವಾಲಿದರೆ ಆ ಕಿಂಡಿ ಕೆಲಸ ಮಾಡುತ್ತಿದೆ. ಹೊರಮುಖವಾಗಿ ವಾಲಿದರೆ ಅಂದಿನ ಗಾಳಿ ಎದುರು ಗೋಡೆಯಿಂದ ಬಂದು ಇಲ್ಲಿಂದ ದಾಟಿ ಹೋಗುತ್ತಿದೆ ಎಂದರ್ಥ, ಅದರಿಂದ ತೊಂದರೆಯಿಲ್ಲ. ಎಲ್ಲ ಕಿಂಡಿಗಳಲ್ಲೂ ಎಳೆ ಸುಮ್ಮನೆ ಜೋತುಬಿದ್ದರೆ ಮಾತ್ರ ಎಲ್ಲೋ ದಾರಿ ಕಟ್ಟಿದೆ.

ಸಿಮೆಂಟ್ ಪತ್ರಾಸ್ ಇದ್ದರೆ

ಹಳೆಯ ಗೋದಾಮುಗಳಿಗೆ ಸಿಮೆಂಟ್ ಪತ್ರಾಸ್ ಇದ್ದರೆ ಮೇಲಿನ ಕ್ರಮವನ್ನು ಹಾಗೆಯೇ ಅನುಸರಿಸಬೇಡಿರಿ. ಅದರಲ್ಲಿ ಆಸ್ಬೆಸ್ಟಾಸ್ ನಾರು ಇರುತ್ತದೆ, ಕತ್ತರಿಸಿದಾಗ ಏಳುವ ಧೂಳು ಶ್ವಾಸಕೋಶದಲ್ಲಿ ಸೇರಿ ವರ್ಷಾನುಗಟ್ಟಲೆಯ ನಂತರ ಕ್ಯಾನ್ಸರ್ ತರಬಲ್ಲದು. ಅಲ್ಲದೆ ಅದು ಮನುಷ್ಯನ ಭಾರಕ್ಕೆ ಸೂಚನೆ ಕೊಡದೆ ಮುರಿಯುತ್ತದೆ, ಹಳೆಯದಾದಷ್ಟೂ ಹೆಚ್ಚು. ಆದ್ದರಿಂದ ಕತ್ತರಿಸದೆ ಒಂದು ಇಡೀ ಹಾಳೆಯನ್ನು ನೆನೆಸಿ, ಅದನ್ನು ಹಿಡಿದಿರುವ ಜೆ-ಹುಕ್ (ಬಾಗಿದ ಕೊಕ್ಕೆ) ಬಿಚ್ಚಿ, ಮುರಿಯದಂತೆ ಇಳಿಸಿ, ಆ ಜಾಗದಲ್ಲಿ ಬಾಯಿ ಸಹಿತ ಅಚ್ಚಾದ ಫೈಬರ್ ಹಾಳೆಯನ್ನು ಹಾಕಿಸಬೇಕು. ಈ ಪತ್ರಾಸಿನ ದಿಬ್ಬಗಳ ಅಂತರ 146 ಮಿಲಿಮೀಟರ್ ಎಂಬುದು ಪ್ರಮಾಣಿತ ಅಳತೆಯಾದ್ದರಿಂದ ಹೊಂದುವ ಫೈಬರ್ ಹಾಳೆ ಸಿಗುತ್ತದೆ. ಪರ್ಲಿನ್‌ನಿಂದ ಪರ್ಲಿನ್‌ಗೆ ಉದ್ದ ಹಲಗೆ ಹಾಸಿಕೊಂಡು, ಅನುಭವವಿರುವವರಿಂದಲೇ ಮಾಡಿಸಬೇಕಾದ ಕೆಲಸ ಇದು.

ಯಾವಾಗ ಮುಚ್ಚಬೇಕು

ಟರ್ಬೊ ಹೊರಗಿನ ಗಾಳಿಯನ್ನು ಒಳಗೆ ತರುತ್ತದೆ, ಆ ಗಾಳಿ ಹಸಿಯಾಗಿದ್ದರೆ ಹಸಿಯನ್ನೂ ತರುತ್ತದೆ. ಮಹಾಲಿಂಗಪುರ, ಮುಧೋಳದ ಕಡೆ ಬೆಲ್ಲದ ದಾಸ್ತಾನು ಇಡುವವರು ಇದನ್ನು ವಿಶೇಷವಾಗಿ ಗಮನಿಸಬೇಕು, ಏಕೆಂದರೆ ಬೆಲ್ಲ ಗಾಳಿಯ ತೇವವನ್ನು ಹೀರಿ ಬೆವರುತ್ತದೆ, ಆಮೇಲೆ ಕರಗುತ್ತದೆ. ಯೂರಿಯಾ ಚೀಲ ಒಡೆದಿದ್ದರೆ ಅದೂ ಗಟ್ಟಿಯಾಗುತ್ತದೆ. ಜಿಟಿಜಿಟಿ ಮಳೆಯ ದಿನಗಳಲ್ಲಿ ಸರಿದಾಡುವ ಮುಚ್ಚಳವನ್ನು ಎಳೆದು ಮುಚ್ಚಿ, ಬಿಸಿಲು ಬಿದ್ದ ದಿನ ತೆರೆಯಿರಿ. ಜೋಳದಂಥ ಕಾಳು ಶೇಕಡಾ 12ಕ್ಕಿಂತ ಹೆಚ್ಚು ತೇವದಲ್ಲಿ ಚೀಲ ಸೇರಿದ್ದರೆ ಯಾವ ಟರ್ಬೊವೂ ಅದನ್ನು ಉಳಿಸಲಾರದು. ಕಣದಲ್ಲಿ ಒಣಗಿಸುವ ಕೆಲಸ ಕಣದಲ್ಲಿಯೇ ಮುಗಿದಿರಬೇಕು.

ಕಾಳಿಗೆ ಹುಳು ಹತ್ತಿದಾಗ ಹಾಕುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯ ವಿಷಯದಲ್ಲಿ ಮಾತ್ರ ಮುಚ್ಚಳವನ್ನೂ ನಂಬಬೇಡಿರಿ. ಅದರಿಂದ ಏಳುವ ಫಾಸ್ಫೀನ್ ಅನಿಲ ಜೀವ ತೆಗೆಯುವಂಥದು. ಟರ್ಬೊ ಇರುವ ಗೋದಾಮಿನಲ್ಲಿ ಆ ಅನಿಲ ನಿಲ್ಲುವುದಿಲ್ಲ, ಹುಳು ಪೂರ್ತಿ ಸಾಯುವುದಿಲ್ಲ, ಹೊರಗೆ ಹೋದ ವಿಷ ಪಕ್ಕದ ಮನೆಗೋ ದನದ ಕೊಟ್ಟಿಗೆಗೋ ತಲುಪುತ್ತದೆ. ತರಬೇತಿ ಪಡೆದವರಿಂದ, ಅಟ್ಟಿಯ ಮೇಲೆ ಅನಿಲ ಸೋರದ ದಪ್ಪ ತಾಡಪತ್ರಿ ಹೊದಿಸಿ, ಅಂಚುಗಳಿಗೆ ಮರಳಿನ ಚೀಲ ಇಡಿಸಿ ಮಾತ್ರ ಮಾಡಿಸಬೇಕು.

ವರ್ಷಕ್ಕೆರಡು ಸಲ ನೋಡಬೇಕಾದದ್ದು

ಯುಗಾದಿಯ ಹೊತ್ತಿಗೆ ಒಮ್ಮೆ, ಕಾರಹುಣ್ಣಿಮೆಗೆ ಮುಂಚೆ ಇನ್ನೊಮ್ಮೆ ಮೇಲೆ ಹತ್ತಿ ನೋಡಿದರೆ ಸಾಕು. ಯುಗಾದಿಯ ಹೊತ್ತಿನದು ಕಾವಿನ ಸಿದ್ಧತೆ: ಕಿಂಡಿಗಳ ಜಾಳಿಗೆಗೆ ಮೆತ್ತಿದ ಎರೆಮಣ್ಣಿನ ಧೂಳು ಮತ್ತು ಜೇಡರ ಬಲೆಯನ್ನು ಕುಂಚದಿಂದ ತೆಗೆಯುವುದು, ಎಲೆಗಳ ಸಂದಿಯಲ್ಲಿ ಕಡಜದ ಹುಳು ಗೂಡು ಕಟ್ಟಿದೆಯೇ ನೋಡುವುದು. ಕಾರಹುಣ್ಣಿಮೆಯ ಮುಂಚಿನದು ಮಳೆಯ ಸಿದ್ಧತೆ: ಸ್ಕ್ರೂಗಳ ರಬ್ಬರ್ ಬಿಸಿಲಿಗೆ ಬಿರಿದಿದ್ದರೆ ಬದಲಿಸುವುದು, ರಿಜ್ ಪತ್ರಾಸಿನ ಅಂಚು ಎದ್ದಿದ್ದರೆ ಕೂರಿಸುವುದು, ತಳದ ಹಾಳೆಯ ಮೇಲೆ ಕುತ್ತಿಗೆಯ ಹಿಂದೆ ಸಿಕ್ಕಿಕೊಂಡ ಬೇವಿನ ಎಲೆಗಳನ್ನು ತೆಗೆಯುವುದು. ಬೇರಿಂಗ್ ಮುಚ್ಚಿದ ಮಾದರಿಯದಾದ್ದರಿಂದ ಅದಕ್ಕೆ ಎಣ್ಣೆ ಬಿಡಬಾರದು, ಎಣ್ಣೆಗೆ ಧೂಳು ಅಂಟಿ ಬೇಗ ಕೆಡುತ್ತದೆ. ಸದ್ದು ಕೇಳಿಸಿದರೆ ಮೊದಲು ರಸಮಟ್ಟ ಇಟ್ಟು ಕುತ್ತಿಗೆ ನೋಡಿರಿ, ಕುತ್ತಿಗೆ ಸರಿಯಿದ್ದೂ ಸದ್ದು ಬಂದರೆ ತಲೆಯನ್ನು ಇಳಿಸಿ ಬೇರಿಂಗ್ ಬದಲಿಸಿರಿ. ತಲೆ ಇಳಿಸಿದ ದಿನ ಬಾಯಿಯನ್ನು ತಾಡಪತ್ರಿಯಿಂದ ಕಟ್ಟಿ, ಸರಿದಾಡುವ ಮುಚ್ಚಳವನ್ನೂ ಎಳೆದು, ಅದರ ನೇರ ಕೆಳಗಿರುವ ಚೀಲಗಳನ್ನು ಬದಿಗೆ ಸರಿಸಿಡಿರಿ.